ಹಳ್ಳಿಗೆ ಮಿಣಮಿಣ ಸಾಕಂತೆ!

ಹಳ್ಳಿಯವರಿಗೆ ವೆಬ್‌ಪುಟ ಅಂದರೆ ಬಣ್ಣಬಣ್ಣವಾಗಿರಬೇಕು, ಅಕ್ಷರ ಓಡುತ್ತಿರಬೇಕು, ಕನ್ನಡವನ್ನಂತೂ ಚಿತ್ರ ಮಾಡಿ ಅಂಟಿಸಿಬಿಡುವುದೇ ಕ್ಷೇಮ ಎಂಬರ್ಥದ ಮಾತನ್ನು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಅವರು ಒಮ್ಮೆ ನರಗುಂದಕ್ಕೆ ಬರಲಿ. ಮಟಮಟ ಮಧ್ಯಾಹ್ನ, ಬಸ್ ನಿಲ್ದಾಣದ ಬಿಸಿಲಲ್ಲಿ ಮೊಬೈಲಿಗೆ ಅಂಗೈ ಮರೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದ್ದಿಷ್ಟು: “ಓಡೂದನ್ನ ಓದಬೇಕಂದ್ರ ನಾನೂ ಓಡಬೇಕೇನೋ ತಮ್ಮಾ?” ಹಾಗೆ ಅಕ್ಷರ ಓಡಿಸುವ ಪಟ್ಟಿಯನ್ನು ವೆಬ್‌ಪುಟದ ಭಾಷೆಯಾದ ಎಚ್‌ಟಿಎಂಎಲ್5 ಎಂದೋ ಕೈಬಿಟ್ಟಿದೆ. ನಮ್ಮವರು ಬಿಟ್ಟಿಲ್ಲ.

ಚಿತ್ರದ ವಾದವಂತೂ ಇನ್ನೂ ಬಡ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅಕ್ಷರ ಒಡೆದೀತೆಂಬ ಭಯವೇ? ಒಡೆಯುತ್ತಿದ್ದುದು ಹಳೆಯ ಫಾಂಟು, ತಂತ್ರಾಂಶಗಳ ತಂಟೆ, ಕನ್ನಡದ್ದಲ್ಲ. ಚಿತ್ರದೊಳಗಿನ ‘ಗಜೇಂದ್ರಗಡ’ವನ್ನು ಹುಡುಕಿದರೆ ಸಿಗುವುದಿಲ್ಲ, ಹಿಗ್ಗಿಸಿದರೆ ಮಸುಕಾಗುತ್ತದೆ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುವ ಭರವಸೆಯೂ ಇಲ್ಲ. (ಊರಿನ ಹೆಸರನ್ನು ಒಂದು ಕಡೆ ‘ಗಡ’, ಇನ್ನೊಂದು ಕಡೆ ‘ಗಢ’ ಎಂದು ಬರೆದು ಹುಡುಕುವವರನ್ನು ಗೋಳುಹೊಯ್ಯುವುದು ಬೇರೆ.)

ಬಣ್ಣ ಬೇಡ ಎಂದು ನಾನು ಹೇಳುತ್ತಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅನುಪಾತವಿರಲಿ ಎನ್ನುತ್ತದೆ ವೆಬ್ ಸುಗಮತೆಯ ಜಾಗತಿಕ ಮಾರ್ಗಸೂಚಿ. ಬಿಳಿಯ ಮೇಲೆ ತಿಳಿಬೂದು ಬರೆದವರು ಎ.ಸಿ. ಕೋಣೆಯಲ್ಲಿ ಕೂತು ಬರೆದಿರಬೇಕು. ರೋಣದ ಹೊಲದ ಬದುವಿನ ಮೇಲೆ ನಿಂತು ಒಮ್ಮೆ ತೆರೆದು ನೋಡಿದ್ದರೆ ಅವರೇ ಕಪ್ಪು ಮಸಿ ಹುಡುಕುತ್ತಿದ್ದರು.