ಬಾಯಿ ಕಟ್ಟಿ ಎನ್ನುವವರಿಗೆ

"ಬಾಯಿ ಕಟ್ಟಬೇಕು ಕಣ್ರೀ. ಬಾಯಿ ಕಟ್ಟಲಿಲ್ಲ ಅಂದ್ರೆ ಯಾವ ಮಾತ್ರೆನೂ ಕೆಲಸ ಮಾಡಲ್ಲ."

ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಸಾಲಿನಲ್ಲಿ ನಿಂತವರನ್ನು ಕೇಳಿ ನೋಡಿ. ಈ ಮಾತು ಕಿವಿಗೆ ಬೀಳದವರು ಒಬ್ಬರೂ ಸಿಕ್ಕುವುದಿಲ್ಲ.

ಗೆಳೆಯರೆ, ನಮ್ಮ ಜನರ ಬಾಯಿ ಕಟ್ಟಿದ ಚರಿತ್ರೆ ದೊಡ್ಡದು. ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಕಣದಲ್ಲಿ ತೆನೆ ತುಳಿಯುವ ಎತ್ತು ಒಂದು ಬಾಯಿ ತಿಂದೀತೆಂದು ಅದರ ಮೂತಿಗೆ ಕುಕ್ಕೆ ಬಿಗಿದ ಊರುಗಳು ನಮ್ಮವು. ಅದೇ ಊರುಗಳಿಗೆ ಈಗ ಆಸ್ಪತ್ರೆಯ ಮೇಜಿನ ಆಚೆಯಿಂದ ಹೊಸ ಅಪ್ಪಣೆ ಬಂದಿದೆ: ಬಾಯಿ ಕಟ್ಟಿ.

ಪಥ್ಯ ಬೇಡವೆಂದು ನಾವು ಹೇಳುತ್ತಿಲ್ಲ. ಮಾತ್ರೆ ಬಿಡಿ, ಇನ್ಸುಲಿನ್ ಬಿಡಿ, ನಮ್ಮ ಕಷಾಯ ಕುಡಿಯಿರಿ ಎನ್ನುವ ಢೋಂಗಿಗಳಿಗೂ ನಮಗೂ ನೆಂಟಸ್ತನವಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕದೇ ಹೋಗಿದ್ದರೆ ಲಕ್ಷಗಟ್ಟಲೆ ಮಕ್ಕಳು ಕಣ್ಣೆದುರೇ ಒಣಗಿ ಸಾಯುತ್ತಿದ್ದವು ಎಂಬುದು ನಮಗೆ ಗೊತ್ತು. ನಮ್ಮ ತಕರಾರು ಬೇರೆ. ಅನ್ನ ತಿನ್ನುವ ಬಾಯಿಯನ್ನು ಕಟ್ಟಿ ಎಂದವರು ದುಃಖ ಹೇಳಿಕೊಳ್ಳುವ ಬಾಯಿಯನ್ನೂ ಕಟ್ಟಿಬಿಟ್ಟಿದ್ದಾರೆ. ರಕ್ತದ ಸಕ್ಕರೆಯನ್ನು ಅಳೆಯುತ್ತಾರೆ, ಮನಸ್ಸಿನ ಭಾರವನ್ನು ಕೇಳುವುದೇ ಇಲ್ಲ.

ನಮ್ಮ ಹಟ್ಟಿಯ ಒಬ್ಬ ದೊಡ್ಡಪ್ಪನ ಮಾತು ಹೇಳಬೇಕು. ಮಂಡ್ಯದ ಕಡೆಯ ಹಟ್ಟಿ ನಮ್ಮದು. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿ ಈ ಸೀಮೆಗೆ ಸಕ್ಕರೆ ನಾಡು ಎಂಬ ಹೆಸರು ಬಂತು. ಕಬ್ಬಿನ ಗದ್ದೆ ಯಾರದ್ದೋ, ಕಡಿಯುವ ಕೈ ನಮ್ಮದು. ಆ ದೊಡ್ಡಪ್ಪ ನಲವತ್ತು ವರ್ಷ ಕಬ್ಬು ಕಡಿದ. ಕಡೆಗೆ ಅವನ ರಕ್ತದಲ್ಲೇ ಸಕ್ಕರೆ ಸಿಕ್ಕಿತು. ಸೋಗೆ ಕುಯ್ದ ಗಾಯ ಅಂಗಾಲಿನಲ್ಲಿ ಆಗಿದ್ದೇ ಅವನಿಗೆ ತಿಳಿಯಲಿಲ್ಲ. ನರ ಸತ್ತ ಕಾಲಿಗೆ ನೋವು ಎಲ್ಲಿಂದ ಗೊತ್ತಾಗಬೇಕು? ಎರಡು ಬೆರಳು ತೆಗೆದರು.

ಅಲ್ಲಿಂದ ಅವನು ಜಗಲಿ ಹಿಡಿದ. ಯಾರ ಜೊತೆಗೂ ಮಾತಿಲ್ಲ. ರಾತ್ರಿಯೆಲ್ಲ ಎಚ್ಚರ. ಹಬ್ಬಕ್ಕೆ ತಮಟೆ ಬಡಿಯುವುದರಲ್ಲಿ ಹೆಸರಾಗಿದ್ದವನು, ತಮಟೆ ಸದ್ದು ಕೇಳಿದರೆ ಒಳಗೆ ಹೋಗಿ ಮಲಗುತ್ತಿದ್ದ. ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನು ಸೂರಿನಲ್ಲಿ ಸಿಕ್ಕಿಸಿ ಇಟ್ಟ. "ನಿಮ್ಮಂಥೋರಿಗೆ ಎಷ್ಟು ಹೇಳಿದರೂ ಅಷ್ಟೆ" ಎಂದರು ಡಾಕ್ಟರು. ಅವರು ಬೈದದ್ದಿರಲಿ. ಕಾಲೇಜು ಕಂಡ ನಾವು ನಾಲ್ಕು ಜನ ಹುಡುಗರು ಇದ್ದೆವಲ್ಲ, ಭಾಷಣ ಬರೆಯುವವರು, ಪದ್ಯ ಕಟ್ಟುವವರು, ನಾವೇನು ಮಾಡಿದೆವು? ನಾವೂ ಬೈದೆವು. "ಯಾಕ್ ದೊಡ್ಡಪ್ಪ ಹಿಂಗ್ ಮಾಡ್ತೀಯ? ಮಾತ್ರೆ ನುಂಗಕೂ ಸೋಮಾರಿತನವಾ?"

ಅವನು ಒಂದೇ ಮಾತು ಹೇಳಿದ: "ಬುಡು ಮಗ. ತಿಂದ್ರೆ ಬೈತಾರೆ. ತಿನ್ನದೆ ವೋದ್ರೆ ಕೂಲಿ ಮಾಡಕ್ಕಾಗಕಿಲ್ಲ. ಯಾರ್ಗೆ ಅಂತ ಬದುಕನ ಯೋಳು."

ಆ ಮಾತು ಕಾಯಿಲೆಯ ಮಾತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಟ ಎಂದುಕೊಂಡೆವು. ಗಾಯ ನಂಜಾಗಿ ಅವನು ಸತ್ತ. ಆಸ್ಪತ್ರೆಯ ಚೀಟಿಯಲ್ಲಿ ಶುಗರ್ ಎಂದು ಬರೆದರು. ಬದುಕು ಬೇಸರವಾಗಿ ಮಾತ್ರೆ ಬಿಟ್ಟ ಎಂದು ಬರೆಯಲು ಆ ಚೀಟಿಯಲ್ಲಿ ಜಾಗವಿಲ್ಲ.

ಈ ಬರಹ ಆ ಚೀಟಿಯಲ್ಲಿ ಬಿಟ್ಟುಹೋದ ಸಾಲಿಗಾಗಿ.

ಸಕ್ಕರೆ ಕಾಯಿಲೆ ಉಳ್ಳವರ ಕಾಯಿಲೆ, ಕೂತು ಉಂಡವರ ಕಾಯಿಲೆ ಎಂಬ ಕತೆಯನ್ನು ಮೊದಲು ಸುಡಬೇಕು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಲೆಕ್ಕದಲ್ಲಿ ಈ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅದೇ ಅಧ್ಯಯನದ ಭಾಗವಾಗಿ 15 ರಾಜ್ಯಗಳಿಂದ ಬಂದ ವರದಿ 2017ರಲ್ಲೇ ಇನ್ನೊಂದು ಮಾತು ಹೇಳಿತ್ತು. ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಈ ಕಾಯಿಲೆ ಉಳ್ಳವರಿಗಿಂತ ಬಡವರಲ್ಲೇ ಹೆಚ್ಚು ಕಂಡಿತು. ಬಂಗಲೆಯಿಂದ ಇಳಿದು ಕೊಳೆಗೇರಿಗೆ ಬಂದಿದೆ ಕಾಯಿಲೆ. ಔಷಧಿ ಮಾತ್ರ ಬಂಗಲೆಯಲ್ಲೇ ಉಳಿದಿದೆ.

ಈಗ ಮನಸ್ಸಿನ ಮಾತು. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಹಲವಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ 2001ರಲ್ಲೇ ತೋರಿಸಿದ್ದಾರೆ. ಖಿನ್ನತೆಯಲ್ಲದ ಇನ್ನೊಂದು ಸಂಕಟವೂ ಇದೆ. ದಿನಾ ಮಾತ್ರೆ, ದಿನಾ ಸೂಜಿ, ದಿನಾ ಲೆಕ್ಕ, ನಾಳೆ ಕಣ್ಣು ಹೋದೀತು ಕಾಲು ಹೋದೀತು ಎಂಬ ಅಂಜಿಕೆ, ಎಷ್ಟು ಮಾಡಿದರೂ ಸೋತೆ ಎಂಬ ದಣಿವು. ಈ ಸಂಕಟವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಅಮೆರಿಕದ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲೇ ಪ್ರಕಟಿಸಿದರು. ಇದು ಹುಚ್ಚಲ್ಲ, ಹಟವಲ್ಲ, ಸೋಮಾರಿತನವಲ್ಲ. ಹೊರಲಾರದ ಭಾರ ಹೊತ್ತವರ ಏದುಸಿರು.

ದೇಹ ಬೇರೆ ಮನಸ್ಸು ಬೇರೆ ಎಂದು ಪುರೋಹಿತರು ಹೇಳಿಕೊಳ್ಳಲಿ. ರಕ್ತ ಹಾಗೆ ಹೇಳುವುದಿಲ್ಲ. ಭಯ, ಚಿಂತೆ, ನಿದ್ದೆಗೇಡು ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಮೈಯಲ್ಲಿ ಏರುತ್ತವೆ. ಈಲಿ ತನ್ನೊಳಗಿನ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಮೀಟರು ಬಡ್ಡಿಯವನು ಬಾಗಿಲಲ್ಲಿ ನಿಂತರೂ ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ನರ ಸುಡುತ್ತದೆ, ಉರಿಯುವ ಕಾಲು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸು ಮಾತ್ರೆಯನ್ನು ಸೂರಿಗೆ ಸಿಕ್ಕಿಸುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು. ಈ ಸುತ್ತಿನಲ್ಲಿ ಬಾಯಿ ಚಪಲ ಒಂದನ್ನೇ ಹಿಡಿದು ಬಡಿಯುವುದು ಯಾವ ವಿಜ್ಞಾನ?

ಇನ್ನೊಂದು ನೋಡಿ. ಮಾತ್ರೆ ನುಂಗಿ, ಸೂಜಿ ಚುಚ್ಚಿಸಿಕೊಂಡು, ಹೊತ್ತಿಗೆ ಸರಿಯಾಗಿ ಹಿಟ್ಟಿಲ್ಲದೆ ಗದ್ದೆಗಿಳಿದವನ ಸಕ್ಕರೆ ದಿಢೀರನೆ ಇಳಿಯುತ್ತದೆ. ಬೆವರು, ನಡುಕ, ತಡವರಿಸುವ ಮಾತು. ಆಗ ಒಂದು ಹಿಡಿ ಸಕ್ಕರೆಯೋ ಬೆಲ್ಲದ ನೀರೋ ಕೊಟ್ಟರೆ ಜೀವ ಉಳಿಯುತ್ತದೆ. ಮೇಸ್ತ್ರಿ ಏನನ್ನುತ್ತಾನೆ? "ಬೆಳಿಗ್ಗೆನೇ ಏರಿಸ್ಕಂಡ್ ಬಂದವ್ನೆ." ನಮ್ಮವನು ನಡುಗಿದರೆ ಕುಡುಕ, ಅವರವನು ನಡುಗಿದರೆ ರೋಗಿ! ಒಮ್ಮೆ ಹಾಗೆ ಬಿದ್ದು ಅವಮಾನ ಉಂಡವನು ಮತ್ತೆ ಸೂಜಿ ಮುಟ್ಟಲು ಹೆದರುತ್ತಾನೆ. ಆ ಹೆದರಿಕೆ ಯಾವ ವೈದ್ಯರ ಕಡತದಲ್ಲೂ ಇಲ್ಲ.

ನಮ್ಮ ಅವ್ವಂದಿರ ಪಾಡು ಇನ್ನೂ ಕಡೆ. ಸಕ್ಕರೆ ಹೆಚ್ಚಾದರೆ ಗಳಿಗೆಗೊಮ್ಮೆ ಉಚ್ಚೆ. ಬೀದಿ ಗುಡಿಸುವವಳಿಗೆ, ಬಯಲಲ್ಲಿ ಕಳೆ ಕೀಳುವವಳಿಗೆ ಮರೆ ಎಲ್ಲಿದೆ? ನೀರು ಕುಡಿಯುವುದನ್ನೇ ಬಿಡುತ್ತಾಳೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವವಳಿಗೆ ಪಥ್ಯದ ಅಡಿಗೆ ಬೇರೆ ಯಾರು ಮಾಡುತ್ತಾರೆ? ತುರಿಕೆ, ಸೋಂಕು ಎಂದು ಹೇಳಿಕೊಳ್ಳಲು ನಾಚಿಕೆ. ಗಂಡಸಿಗೂ ಹೇಳಿಕೊಳ್ಳಲಾಗದ್ದು ಇದೆ. ಸಕ್ಕರೆ ಅವನ ಗಂಡಸುತನಕ್ಕೆ ಕೈ ಹಾಕುತ್ತದೆ. ಅದನ್ನು ಮುಚ್ಚಿಡಲು ಅವನು ಮದ್ಯದ ಅಂಗಡಿಗೆ ಹೋಗುತ್ತಾನೆ, ಇಲ್ಲವೇ ಹೆಂಡತಿಯ ಮೇಲೆ ಕೈ ಎತ್ತುತ್ತಾನೆ. ಆ ಪೆಟ್ಟಿಗೆ ಸಕ್ಕರೆ ನೆಪವಾಗಕೂಡದು. ಆದರೆ ಅವನನ್ನು ಕೂರಿಸಿಕೊಂಡು ಇದು ಕಾಯಿಲೆ, ಇದಕ್ಕೆ ಮದ್ದಿದೆ ಎಂದು ಹೇಳಿದವರು ಯಾರು?

ಪಥ್ಯದ ಪಟ್ಟಿ ಕೊಡುತ್ತಾರೆ. ಅದರಲ್ಲಿ ಬಾದಾಮಿ ಇದೆ, ಸೇಬು ಇದೆ, ಓಟ್ಸ್ ಇದೆ. ರೇಷನ್ ಅಕ್ಕಿಯಲ್ಲಿ ತಿಂಗಳು ದೂಡುವ ಮನೆಗೆ ಈ ಪಟ್ಟಿ ಆರೋಗ್ಯದ ಪಾಠವಲ್ಲ, ಅಣಕ. ನಮ್ಮ ಅಗ್ಗದ ಮಾಂಸವನ್ನು ಹೊಲಸು ಎಂದವರೇ ಈಗ ಪ್ರೋಟೀನು ತಿನ್ನಿ ಎನ್ನುತ್ತಾರೆ. ಪಟ್ಟಿಯಂತೆ ನಡೆಯಲಾಗದವನಿಗೆ ತಪ್ಪಿತಸ್ಥನ ಪಟ್ಟ. ಹಿಂದೆ ನಮ್ಮ ಬಡತನಕ್ಕೆ ಪೂರ್ವಜನ್ಮದ ಕರ್ಮ ಕಾರಣವಾಗಿತ್ತು. ಈಗ ನಮ್ಮ ಕಾಯಿಲೆಗೆ ಈ ಜನ್ಮದ ನಾಲಿಗೆ ಕಾರಣವಂತೆ. ಕರ್ಮ ಸಿದ್ಧಾಂತ ಬಿಳಿ ಕೋಟು ತೊಟ್ಟು ಬಂದಿದೆ, ಅಷ್ಟೆ.

ಇದಕ್ಕೆ ದಾರಿಯೇ ಇಲ್ಲವೆಂದು ಯಾರೂ ನಮಗೆ ಹೇಳುವುದು ಬೇಡ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದೆಂದು 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೇ ಕಲಮು, ಸರ್ಕಾರ ನಡೆಸುವ ಎಲ್ಲ ಆರೋಗ್ಯ ಕಾರ್ಯಕ್ರಮಗಳಲ್ಲೂ ಮನಸ್ಸಿನ ಆರೈಕೆ ಸೇರಿರಬೇಕೆನ್ನುತ್ತದೆ. ಸಕ್ಕರೆ ಕಾಯಿಲೆಯ ಸಾಲು ಸರ್ಕಾರದ ಕಾರ್ಯಕ್ರಮವಲ್ಲವೆ? ಹಾಗಾದರೆ ಅಲ್ಲಿ ಈ ಕಲಮು ಎಲ್ಲಿ ಅಡಗಿ ಕೂತಿದೆ?

ಇನ್ನೂ ಸಾಕ್ಷಿ ಬೇಕೆನ್ನುವವರಿಗೆ ಇದೂ ಇದೆ. ದೆಹಲಿ, ಚೆನ್ನೈ, ವಿಶಾಖಪಟ್ಟಣ, ಬೆಂಗಳೂರಿನ ನಾಲ್ಕು ಚಿಕಿತ್ಸಾಲಯಗಳಲ್ಲಿ, ಖಿನ್ನತೆಯ ಜೊತೆಗೆ ಹತೋಟಿ ತಪ್ಪಿದ ಸಕ್ಕರೆಯೂ ಇದ್ದ 404 ಜನರನ್ನು ಎರಡು ಗುಂಪು ಮಾಡಿ 24 ತಿಂಗಳು ನೋಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ, ಡಾಕ್ಟರಲ್ಲದ ಆದರೆ ತರಬೇತಿ ಪಡೆದ ಒಬ್ಬ ಸಹಾಯಕರು ಜೊತೆಗಿದ್ದು ಮಾತಾಡಿಸಿದರು, ಮನಸ್ಸನ್ನೂ ಸಕ್ಕರೆಯನ್ನೂ ಒಟ್ಟಿಗೆ ಗಮನಿಸಿದರು. ಮನಸ್ಸಿನ ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಬ್ಬುಗಳಲ್ಲಿ ಒಂದಾದರೂ ಸುಧಾರಿಸಿದವರು ಎಂದಿನ ಗುಂಪಿನಲ್ಲಿ 100ಕ್ಕೆ 57, ಮಾತಾಡಿಸಿದ ಗುಂಪಿನಲ್ಲಿ 100ಕ್ಕೆ ಸುಮಾರು 72. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಪಕ್ಕದಲ್ಲಿ ಕೂತು ಕೇಳುವ ಒಬ್ಬ ಮನುಷ್ಯ. ಇಷ್ಟು ಕೊಡಲು ಇವರಿಗೆ ಯಾವ ಖಜಾನೆ ಬರಿದಾಗುತ್ತದೆ?

ಇನ್ನು ನಮ್ಮವರಿಗೆ, ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು.

ಹೋರಾಟಗಾರನಿಗೆ ಮನಸ್ಸಿನ ಕಾಯಿಲೆ ಎಂದರೆ ನಾವೂ ನಗುತ್ತೇವೆ. ದುಃಖ ಹೇಳಿದವನನ್ನು ಪುಕ್ಕಲ ಎನ್ನುತ್ತೇವೆ. ನಮ್ಮ ಸಭೆಗಳು ಮಧ್ಯಾಹ್ನ ಮೂರಾದರೂ ಊಟಕ್ಕೆ ಬಿಡುವುದಿಲ್ಲ. ಇನ್ಸುಲಿನ್ ತಗೊಂಡು ಬಂದ ಹಿರಿಯರು ಹಿಂದಿನ ಸಾಲಿನಲ್ಲಿ ಬೆವರುತ್ತಾ ಕೂತಿರುತ್ತಾರೆ, ನಾವು ಮೈಕಿನಲ್ಲಿ ಶೋಷಣೆಯ ಬಗ್ಗೆ ಮಾತಾಡುತ್ತಿರುತ್ತೇವೆ.

ನಾವು ಗೋಡೆಗೆ ತೂಗುಹಾಕಿರುವ ಬಾಬಾಸಾಹೇಬರ ಪಟವನ್ನೇ ನೋಡಿ. ನೀಲಿ ಕೋಟು, ಎತ್ತಿದ ಬೆರಳು. ಆ ಕೋಟಿನೊಳಗಿನ ದೇಹವನ್ನು ನಾವು ನೋಡಿದ್ದೇವೆಯೆ? 1948ರ ಹೊತ್ತಿಗಾಗಲೇ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಕಾಲಿನ ನರದ ನೋವು ಅವರನ್ನು ಮಲಗಗೊಡುತ್ತಿರಲಿಲ್ಲ, ಕಣ್ಣು ಮಂಜಾಗುತ್ತಿತ್ತು. ಕೊನೆಯ ದಿನಗಳಲ್ಲಿ ಅವರು ತಮ್ಮ ಕೆಲಸ ಅರ್ಧಕ್ಕೆ ನಿಂತಿತಲ್ಲ ಎಂದು ಕಣ್ಣೀರಿಟ್ಟದ್ದನ್ನು ಅವರ ಬಳಿ ಕೆಲಸ ಮಾಡಿದ ನಾನಕ್ ಚಂದ್ ರತ್ತು ದಾಖಲಿಸಿದ್ದಾರೆ. ಅದೇ ದೇಹ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೆದುರು ನಿಂತಿತು. ಅದೇ ದೇಹ ಡಿಸೆಂಬರ್ 6ಕ್ಕೆ ತಣ್ಣಗಾಗುವ ಮೊದಲು ಬುದ್ಧನ ಮೇಲಿನ ಪುಸ್ತಕವನ್ನು ಮುಗಿಸಿತು. ಬಾಬಾಸಾಹೇಬರು ಅತ್ತದ್ದರಿಂದ ಚಿಕ್ಕವರಾಗಲಿಲ್ಲ. ಹಾಗಿದ್ದ ಮೇಲೆ ನಮ್ಮ ಹಟ್ಟಿಯ ದೊಡ್ಡಪ್ಪ ಅಳುವುದಕ್ಕೆ ಯಾಕೆ ಜಗಲಿಯ ಕತ್ತಲು ಹುಡುಕಬೇಕಿತ್ತು?

ಆದ್ದರಿಂದ ನಾವು ಕೇಳುತ್ತೇವೆ, ಬೇಡುತ್ತಿಲ್ಲ:

ಒಂದು: ಸಕ್ಕರೆ ಪರೀಕ್ಷೆಗೆ ಬಂದ ಪ್ರತಿಯೊಬ್ಬರನ್ನೂ ಎರಡು ಪ್ರಶ್ನೆ ಕೇಳಿ. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿದೆಯಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲಿ ಆಸೆ ಹೋಗಿದೆಯಾ? ವೈದ್ಯಶಾಸ್ತ್ರವೇ ಒಪ್ಪಿದ ಪ್ರಶ್ನೆಗಳಿವು, ಒಂದು ನಿಮಿಷ ಸಾಕು. ಹೌದು ಎಂದವರನ್ನು ಹಾಗೇ ಮನೆಗೆ ಕಳಿಸಬೇಡಿ.

ಎರಡು: ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ'ದ ಏರ್ಪಾಟನ್ನು ರಾಜ್ಯ ಮಾಡಿತು. ಸಕ್ಕರೆಗೆ ಒಂದು ದಿನ, ಮನಸ್ಸಿಗೆ ಇನ್ನೊಂದು ದಿನ ಎಂದರೆ ನಮಗೆ ಎರಡು ಕೂಲಿ ಹೋಯಿತು. ಎರಡನ್ನೂ ಒಂದೇ ದಿನ, ಒಂದೇ ಸೂರಿನಡಿ ನೋಡಿ.

ಮೂರು: ಬೈಗುಳ ಚಿಕಿತ್ಸೆಯಲ್ಲ. "ನಿಮ್ಮಂಥೋರು" ಎಂಬ ಮಾತು ಆಸ್ಪತ್ರೆಯಿಂದ ತೊಲಗಬೇಕು.

ನಾಲ್ಕು: ಪಥ್ಯದ ಪಟ್ಟಿ ನಮ್ಮ ಒಲೆಯ ಮುಂದೆ ಕೂತು ಬರೆಯಿರಿ. ರಾಗಿ, ಹುರುಳಿ, ಸೊಪ್ಪು, ಮೀನು, ನಮ್ಮ ಮಾಂಸ, ನಮ್ಮ ಕೂಲಿಯ ಹೊತ್ತು ಅದರಲ್ಲಿರಲಿ.

ಹಳ್ಳಿಯ ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ಸರ್ಕಾರ ಕಣ್ಣು ಬಿಡುವತನಕ ನಾವು ಕಾಯಬೇಕಾಗಿಲ್ಲ. ನಿಮ್ಮ ಹಟ್ಟಿಯಲ್ಲಿ ಮಾತ್ರೆ ಬಿಟ್ಟವರು, ನಿದ್ದೆ ಬಿಟ್ಟವರು, ಮಾತು ಬಿಟ್ಟವರು ಯಾರು ಎಂದು ನಿಮಗೆ ಗೊತ್ತಿದೆ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಬುದ್ಧಿ ಹೇಳಬೇಡಿ, ಕೇಳಿ. ಬದುಕುವುದೇ ಬೇಡ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಂಟಿ ಬಿಡಬೇಡಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ಫೋನಿದೆ, ಕಾಸಿಲ್ಲದೆ ಮಾತಾಡಬಹುದು, ಕನ್ನಡದಲ್ಲೇ ಮಾತಾಡಬಹುದು: 14416. ಈ ಸಂಖ್ಯೆಯನ್ನು ಶಾಲೆಯ ಗೋಡೆಗೆ ಬರೆಯಿರಿ. ಸಂಘದ ಸಭೆಯನ್ನು ಒಂದು ಗಂಟೆಗೆ ಊಟಕ್ಕೆ ಬಿಡಿ. ಹಿರಿಯರ ಜೇಬಿನಲ್ಲಿ ಒಂದು ಚೂರು ಬೆಲ್ಲ ಇದೆಯೇ ನೋಡಿ.

ಆ ದೊಡ್ಡಪ್ಪನ ತಮಟೆ ಈಗಲೂ ಅದೇ ಜಗಲಿಯ ಗೂಟದಲ್ಲಿದೆ. ಯಾರಿಗಾಗಿ ಬದುಕಲಿ ಎಂದು ಅವನು ನಮ್ಮನ್ನು ಕೇಳಿದ್ದ. ಉತ್ತರ ಕೊಡುವುದಿರಲಿ, ಅದು ಪ್ರಶ್ನೆ ಎಂದೂ ನಮಗೆ ತಿಳಿಯಲಿಲ್ಲ. ಅವನ ವಾರಿಗೆಯವರು ಇನ್ನೂ ಹಟ್ಟಿಯಲ್ಲಿದ್ದಾರೆ, ಇನ್ನೂ ಮಾತ್ರೆಯನ್ನು ಸೂರಿಗೆ ಸಿಕ್ಕಿಸುತ್ತಿದ್ದಾರೆ. ಅವರ ಬಾಯಿಯ ಕುಕ್ಕೆ ಬಿಚ್ಚುವ ಕೆಲಸ ನಮ್ಮದು. ಹೊತ್ತಾಗಿದೆ, ಏಳಿ.