ದೂರದ ಪದವಿ, ಊರಿನ ಮಣ್ಣಿನ ಗೋಡೆ

ಹಳೆಯ ಕಟ್ಟಡಗಳನ್ನೂ ಊರುಕೇರಿಗಳನ್ನೂ ಉಳಿಸಿಕೊಳ್ಳುವುದು ಹೇಗೆಂಬುದು ಇಂದು ಒಂದು ವ್ಯವಸ್ಥಿತ ವಿದ್ಯೆ. ಅಮೆರಿಕದಲ್ಲಿ ಇದನ್ನು ಐತಿಹಾಸಿಕ ಸಂರಕ್ಷಣೆ ಎಂದು ಕರೆಯುತ್ತಾರೆ. ಅದರ ಸ್ನಾತಕೋತ್ತರ ಪದವಿಯನ್ನು ಅಂತರ್ಜಾಲದ ಮೂಲಕ, ಮನೆಯಲ್ಲಿದ್ದುಕೊಂಡೇ ಪಡೆಯುವ ಅವಕಾಶವೂ ಇದೆ. ಮಲೆನಾಡಿನ ಕಾಲೇಜುಗಳಲ್ಲಿ ಇತಿಹಾಸವನ್ನೋ ವಿಜ್ಞಾನವನ್ನೋ ಓದಿ ಮುಗಿಸಿದ ಕೆಲವು ತರುಣ ತರುಣಿಯರು ಈ ಓದಿನ ಬಗ್ಗೆ ವಿಚಾರಿಸುತ್ತಿದ್ದಾರೆ. ಹಿರಿಯರ ಪ್ರತಿಕ್ರಿಯೆ ಎರಡು ಬಗೆಯದು. ಗೋಡೆಯ ವಿದ್ಯೆಯನ್ನು ಗಣಕಯಂತ್ರದ ಮುಂದೆ ಕುಳಿತು ಕಲಿಯುವುದುಂಟೇ ಎಂದು ನಗುವವರು ಒಂದು ಕಡೆ. ವಿದೇಶೀ ಪದವಿಯೆಂದರೆ ಸಾಕು, ತೋಟದ ಮೇಲೆ ಸಾಲ ಮಾಡಿಯಾದರೂ ಓದಿಸೋಣ ಎನ್ನುವವರು ಇನ್ನೊಂದು ಕಡೆ. ಎರಡೂ ಅವಸರದ ತೀರ್ಮಾನಗಳೇ. ಈ ವಿದ್ಯೆಯಲ್ಲಿ ನಮಗೆ ಬೇಕಾದದ್ದು ಏನಿದೆ, ಅದು ಕೊಡಲಾಗದ್ದು ಯಾವುದು, ಆ ಕೊರತೆಯನ್ನು ಎಲ್ಲಿಂದ ತುಂಬಿಕೊಳ್ಳಬೇಕು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಇದು ಒಬ್ಬ ವಿದ್ಯಾರ್ಥಿಯ ಉದ್ಯೋಗದ ಪ್ರಶ್ನೆಯಷ್ಟೇ ಅಲ್ಲ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಒಂದೊಂದಾಗಿ ನೆಲಕ್ಕಿಳಿಯುತ್ತಿರುವ ನಮ್ಮ ತೊಟ್ಟಿಮನೆಗಳ ಪ್ರಶ್ನೆಯೂ ಹೌದು.

ಈ ವಿದ್ಯೆ ಬಲಗೊಂಡದ್ದು ನಷ್ಟದ ಅರಿವಿನಿಂದ. 1963ರಲ್ಲಿ ನ್ಯೂಯಾರ್ಕ್ ನಗರದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು ಕೆಡವಲು ಆರಂಭಿಸಿದರು. ಜನರ ಪ್ರತಿಭಟನೆ ಅದನ್ನು ಉಳಿಸಲಿಲ್ಲವಾದರೂ 1965ರಲ್ಲಿ ಆ ನಗರಕ್ಕೆ ಪಾರಂಪರಿಕ ಕಟ್ಟಡಗಳ ಕಾನೂನು ಬಂತು. 1966ರಲ್ಲಿ ಇಡೀ ದೇಶಕ್ಕೆ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆ ಬಂತು. ಈ ನಡುವೆ, 1964ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮಾರ್ಸ್ಟನ್ ಫಿಚ್ ಅವರು ಈ ವಿಷಯದ ಬೋಧನೆಗೆ ಅಡಿಪಾಯ ಹಾಕಿದರು. ಮೂರು ದಶಕಗಳ ಬಳಿಕ, 1995ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಗೌಚರ್ ಕಾಲೇಜು ದೂರಶಿಕ್ಷಣದ ಮೂಲಕ ಈ ಪದವಿಯನ್ನು ಆರಂಭಿಸಿತು. ಬೇಸಿಗೆಯ ಕೆಲವು ದಿನ ಕಾಲೇಜಿಗೆ ಹೋಗಿ, ಉಳಿದ ಕಾಲವೆಲ್ಲ ತಮ್ಮ ತಮ್ಮ ಊರಿನಲ್ಲಿ ಉದ್ಯೋಗ ಮಾಡುತ್ತಲೇ ಓದುವ ಕ್ರಮವದು. ಅನಂತರ ಇತರ ಕೆಲವು ಸಂಸ್ಥೆಗಳೂ ಈ ದಾರಿ ಹಿಡಿದವು.

ಅಲ್ಲಿ ಕಲಿಸುವುದೇನು? ಕಟ್ಟಡದ ಇತಿಹಾಸವನ್ನು ಕಾಗದಪತ್ರಗಳಿಂದಲೂ ಹಿರಿಯರ ಮಾತಿನಿಂದಲೂ ಕಟ್ಟಿಕೊಳ್ಳುವುದು, ಅಳತೆ ಹಿಡಿದು ನಕ್ಷೆ ಬರೆಯುವುದು, ಕಲ್ಲು ಮಣ್ಣು ಮರ ಸುಣ್ಣಗಳ ಗುಣವನ್ನೂ ಅವು ಹಾಳಾಗುವ ಬಗೆಯನ್ನೂ ಅರಿಯುವುದು, ಕಾನೂನು, ಹಣಕಾಸು, ಊರವರೊಡನೆ ಕೂಡಿ ಯೋಜನೆ ಮಾಡುವುದು. ಇವುಗಳಲ್ಲಿ ಬಹುಪಾಲು ಓದಿ, ಬರೆದು, ಚರ್ಚಿಸಿ ಕಲಿಯಬಹುದಾದ ಸಂಗತಿಗಳೇ. ದಾಖಲಾತಿಯ ಬೆಲೆಯನ್ನಂತೂ ಮಲೆನಾಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಲಂಬಿಯಾದಲ್ಲಿ ಪಾಠ ಆರಂಭವಾದ ಅದೇ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರಿನಲ್ಲಿ ಊರಿಗೆ ಊರೇ ಮುಳುಗಿದವು. ಮನೆಯ ಅಳತೆ ನಕ್ಷೆಯೊಂದು ಕೈಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಮುಳುಗಡೆಯಾದ ಕುಟುಂಬಗಳು ಬಲ್ಲವು.

ನಮ್ಮ ವಿದ್ಯಾರ್ಥಿಗಳಿಗೆ ಈ ಓದಿನಲ್ಲಿ ಎರಡು ನಿಜವಾದ ಅನುಕೂಲಗಳಿವೆ. ಮೊದಲನೆಯದು ಪ್ರವೇಶದ್ದು. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಂತಹ ನಮ್ಮ ದೇಶದ ಸಂಸ್ಥೆಗಳಲ್ಲಿ ವಾಸ್ತುಶಿಲ್ಪ ಸಂರಕ್ಷಣೆಯ ಸ್ನಾತಕೋತ್ತರ ಓದಿಗೆ ವಾಸ್ತುಶಿಲ್ಪದ ಪದವಿ ಬೇಕು. ಅಮೆರಿಕದ ಈ ಪದವಿ ಸಾಮಾನ್ಯವಾಗಿ ಇತಿಹಾಸ, ಸಮಾಜಶಾಸ್ತ್ರ, ವಿಜ್ಞಾನ ಓದಿದವರಿಗೂ ತೆರೆದಿರುತ್ತದೆ. ಎರಡನೆಯದು ಇನ್ನೂ ದೊಡ್ಡದು: ವಿದ್ಯಾರ್ಥಿ ಊರು ಬಿಡಬೇಕಾಗಿಲ್ಲ. ನಮ್ಮಲ್ಲಿ ಓದೆಂದರೆ ಊರು ಬಿಡುವ ಟಿಕೇಟು ಎಂಬಂತಾಗಿದೆ. ಹಳೆಯ ಮನೆಗಳು ಬೀಳಲು ಗೆದ್ದಲಿಗಿಂತ ದೊಡ್ಡ ಕಾರಣ ಅವುಗಳಲ್ಲಿ ವಾಸಿಸುವವರು ಇಲ್ಲದಿರುವುದು. ಹೊಗೆಯಾಡದ ಅಡುಗೆಮನೆಯ ಜಂತಿಗೆ ಹುಳು ಬೀಳುತ್ತದೆ. ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸದ ಮಾಡು ಸೋರುತ್ತದೆ. ಮನೆ ಉಳಿಸುವ ವಿದ್ಯೆಯನ್ನು ಮನೆ ಬಿಟ್ಟು ಹೋಗದೆ ಕಲಿಯಲು ಸಾಧ್ಯವಾದರೆ ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಕಲಿತದ್ದು ಇಲ್ಲಿಗೆ ಒದಗುವುದೇ ಎಂದು ಕೇಳುವವರಿಗೆ ಅಮೆರಿಕದ್ದೇ ಒಂದು ಉದಾಹರಣೆ ಹೇಳಬಹುದು. ನ್ಯೂ ಮೆಕ್ಸಿಕೋ ರಾಜ್ಯದ ರಾಂಚೋಸ್ ದೆ ತಾವೋಸ್ ಎಂಬ ಹಳ್ಳಿಯಲ್ಲಿ ಸುಮಾರು ಇನ್ನೂರು ವರ್ಷ ಹಳೆಯದಾದ, ಹಸಿ ಇಟ್ಟಿಗೆಯ ಇಗರ್ಜಿಯೊಂದಿದೆ. ವರ್ಷವರ್ಷವೂ ಮಣ್ಣು ಮೆತ್ತುವ ಶ್ರಮ ತಪ್ಪಲೆಂದು 1967ರಲ್ಲಿ ಅದರ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿದರು. ಬಿರುಕುಗಳಲ್ಲಿ ಒಳಹೊಕ್ಕ ನೀರು ಹೊರಬರಲಾಗದೆ ಗೋಡೆಯನ್ನು ಒಳಗಿನಿಂದಲೇ ಕರಗಿಸತೊಡಗಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಸಿಮೆಂಟನ್ನೆಲ್ಲ ಕಿತ್ತು ಮತ್ತೆ ಮಣ್ಣಿನ ಗಿಲಾವಿಗೆ ಮರಳಬೇಕಾಯಿತು. ಇಂದಿಗೂ ಆ ಊರವರು ವರ್ಷಕ್ಕೊಮ್ಮೆ ಒಟ್ಟುಗೂಡಿ ಮಣ್ಣಿಗೆ ಹುಲ್ಲು ಬೆರೆಸಿ ಗೋಡೆಗೆ ಮೆತ್ತುತ್ತಾರೆ. ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯು 1978ರಲ್ಲಿ ಮಣ್ಣಿನ ಕಟ್ಟಡಗಳ ಸಂರಕ್ಷಣೆ ಕುರಿತು ಪ್ರಕಟಿಸಿದ ಕೈಪಿಡಿಯೂ ಇಂತಹ ಪಾಠವನ್ನೇ ಹೇಳುತ್ತದೆ. ಆ ಕೈಪಿಡಿಗಳ ಸರಣಿಯನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು.

ಮಳೆ ಕಡಿಮೆಯಿರುವ ಆ ನಾಡಿನಲ್ಲೇ ಹೀಗಾದರೆ, ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಏನಾಗಬೇಡ? ಮಣ್ಣಿನ ಗೋಡೆಯೂ ಜಂಬಿಟ್ಟಿಗೆಯ ಗೋಡೆಯೂ ನೆಲದಿಂದ ನೀರನ್ನು ಮೇಲಕ್ಕೆ ಹೀರುತ್ತವೆ. ಸುಣ್ಣ ಅಥವಾ ಮಣ್ಣಿನ ಗಿಲಾವು ಇದ್ದರೆ ಆ ತೇವ ಆರಿಹೋಗುತ್ತದೆ, ಸಿಮೆಂಟ್ ಮೆತ್ತಿದರೆ ಒಳಗೇ ಉಳಿಯುತ್ತದೆ. ಸಾಗರ, ಸೊರಬದ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನೂ ಇಲ್ಲಿ ನೆನೆಯಬೇಕು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅರಳಿದ ಆ ಕಲೆ, ಗೋಡೆ ಸಿಮೆಂಟಿನದಾದಾಗ ರಟ್ಟಿನ ಮೇಲೂ ಬಟ್ಟೆಯ ಮೇಲೂ ಆಶ್ರಯ ಹುಡುಕಬೇಕಾಗಿದೆ. ಗೋಡೆ, ಗಿಲಾವು, ಚಿತ್ತಾರ, ಅದನ್ನು ಬರೆಯುವ ಹೆಂಗಸರ ಕೈ, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಸಮಗ್ರ ನೋಟವನ್ನು ಒಳ್ಳೆಯ ಸಂರಕ್ಷಣಾ ಶಿಕ್ಷಣ ಕೊಡಬಲ್ಲದು.

ಆದರೆ ಮಿತಿಗಳೂ ಅಷ್ಟೇ ನಿಜ. ಪಾಠದ ದೊಡ್ಡ ಭಾಗ ಅಮೆರಿಕದ ಕಾನೂನು ಮತ್ತು ಹಣಕಾಸಿಗೆ ಸಂಬಂಧಿಸಿದ್ದು. ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮಾನುಸಾರ ದುರಸ್ತಿ ಮಾಡಿದರೆ ವೆಚ್ಚದ ಶೇಕಡಾ 20ರಷ್ಟು ತೆರಿಗೆ ರಿಯಾಯಿತಿ ಅಲ್ಲಿ ದೊರೆಯುತ್ತದೆ. ತೀರ್ಥಹಳ್ಳಿಯ ತೊಟ್ಟಿಮನೆಯ ಒಡೆಯನಿಗೆ ಅದರಿಂದ ಪ್ರಯೋಜನವಿಲ್ಲ. ಶುಲ್ಕ ಡಾಲರಿನಲ್ಲಿ. ನ್ಯೂಯಾರ್ಕಿನ ಸಂಜೆ ಏಳು ಗಂಟೆಯ ತರಗತಿ ನಮಗೆ ಚಳಿಗಾಲದಲ್ಲಿ ಬೆಳಗಿನ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಕರೆಂಟು ಹೋದೊಡನೆ ಮೊಬೈಲ್ ಗೋಪುರವೂ ಮಲಗುವ ಊರುಗಳಲ್ಲಿ ಆಷಾಢ ಶ್ರಾವಣದ ಪಾಠಗಳ ಗತಿ ಏನೆಂಬುದನ್ನು ಬೇರೆ ಹೇಳಬೇಕಿಲ್ಲ. ವಿದೇಶದ ಆನ್‌ಲೈನ್ ಪದವಿಗೆ ಇಲ್ಲಿನ ಸರ್ಕಾರಿ ನೌಕರಿಯಲ್ಲಿ ಮಾನ್ಯತೆ ತಾನಾಗಿ ದೊರೆಯುವುದೂ ಇಲ್ಲ. ತೋಟ ಅಡವಿಡುವ ಮುನ್ನ ತಂದೆತಾಯಿಗಳು ಈ ಮಾತನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕೈಯ ಜ್ಞಾನ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಗಳು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ನೀಡಬಾರದ ವಿಷಯಗಳನ್ನು ಪಟ್ಟಿ ಮಾಡಿದವು. ವಾಸ್ತುಶಿಲ್ಪ ಮತ್ತು ಕೃಷಿ ಎರಡೂ ಆ ಪಟ್ಟಿಯಲ್ಲಿವೆ. ಕೃಷಿ ವಿಜ್ಞಾನಿಯಾದ ನನಗೆ ಇದರಲ್ಲಿ ಅರ್ಥ ಕಾಣುತ್ತದೆ. ಹದವಾದ ಮಣ್ಣು ಯಾವುದೆಂದು ಪರದೆ ಹೇಳಲಾರದು. ಕಲಸಿದ ಮಣ್ಣು ಗೋಡೆಗೆ ಬಂತೇ, ಸುಣ್ಣ ಸಾಕಷ್ಟು ಕೊಳೆಯಿತೇ, ಹಲಸಿನ ತೊಲೆಯ ಒಳಗೆ ಟೊಳ್ಳಿದೆಯೇ ಎಂಬುದು ಮುಟ್ಟಿ, ತಟ್ಟಿ, ಮೂಸಿ ಅರಿಯುವ ವಿಷಯ. ಆ ಪಾಠದ ಗುರುಗಳು ನಮ್ಮ ಊರುಗಳಲ್ಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದ್ದಾರೆ.

ತಳಿ ಸಂರಕ್ಷಣೆಯಲ್ಲಿ ನಾವು ಎರಡು ದಾರಿಗಳನ್ನು ಹೇಳುತ್ತೇವೆ. ಬೀಜವನ್ನು ಶೀತಾಗಾರದಲ್ಲಿ ಕಾಪಿಡುವುದು ಒಂದು. ರೈತನ ಹೊಲದಲ್ಲೇ ವರ್ಷವರ್ಷ ಬಿತ್ತಿ ಬೆಳೆಯುತ್ತ ಉಳಿಸುವುದು ಇನ್ನೊಂದು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಸುರಕ್ಷಿತವಾಗಿರುತ್ತವೆ. ಆದರೆ ನೆರೆ ನಿಂತ ಗದ್ದೆಯಲ್ಲೂ ತಾಳಿಕೊಳ್ಳುವ ನಮ್ಮ ನೆರೆಗುಳಿ ಭತ್ತವನ್ನು ಯಾವ ಗದ್ದೆಗೆ, ಯಾವ ಮಳೆಗೆ ಬಿತ್ತಬೇಕೆಂಬ ತಿಳಿವಳಿಕೆ ಆ ಪೆಟ್ಟಿಗೆಯೊಳಗೆ ಇರುವುದಿಲ್ಲ. ಅದು ಬೆಳೆಯುವವನ ಜೊತೆಗಷ್ಟೇ ಬದುಕುತ್ತದೆ. ಕಟ್ಟಡಗಳ ಸಂಗತಿಯೂ ಹೀಗೆಯೇ. ನಕ್ಷೆ, ಛಾಯಾಚಿತ್ರ, ಪ್ರಬಂಧ, ಪದವಿ ಇವೆಲ್ಲ ಶೀತಾಗಾರದ ಬೀಜ, ಅವು ಬೇಕು. ಆದರೆ ಗಾರೆಯವನೂ ಬಡಗಿಯೂ ಮನೆಯಲ್ಲಿ ವಾಸಿಸುವ ಸಂಸಾರವೂ ಇಲ್ಲದಿದ್ದರೆ ಬಿತ್ತುವ ನೆಲವೇ ಇರುವುದಿಲ್ಲ.

ನಮ್ಮ ದೇಶದಲ್ಲೇ ಈ ಅರಿವು ಮೂಡಿದೆ. 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಒಂದು ಸನದನ್ನು ಅಂಗೀಕರಿಸಿತು. ಸರ್ಕಾರದ ರಕ್ಷಣೆಯಿಲ್ಲದ ಕಟ್ಟಡಗಳನ್ನು ಕುರಿತ ಆ ಸನದು ಪರಂಪರೆಯ ಕುಶಲಕರ್ಮಿಗಳ ಜ್ಞಾನಕ್ಕೆ ಗೌರವದ ಸ್ಥಾನ ಕೊಟ್ಟಿದೆ. ದೂರದ ಪದವಿ ಓದುವ ನಮ್ಮ ವಿದ್ಯಾರ್ಥಿಗೆ ಪಠ್ಯದಷ್ಟೇ ಈ ಸನದೂ ಮುಖ್ಯವಾಗಬೇಕು.

ಹಳ್ಳಿಗರ ಮನಸ್ಸಿನ ಅಳುಕನ್ನೂ ಮರೆಯುವಂತಿಲ್ಲ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಪರಂಪರೆಯೆಂಬ ಪದವೇ ಒಕ್ಕಲೆಬ್ಬಿಸುವ ನೋಟೀಸಿನಂತೆ ಹಲವರಿಗೆ ಕೇಳಿಸಿತು. 2010ರ ತಿದ್ದುಪಡಿಯ ಪ್ರಕಾರ, ಇಕ್ಕೇರಿಯ ಅಘೋರೇಶ್ವರ ದೇವಾಲಯದಂತಹ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕೊಟ್ಟಿಗೆ ದುರಸ್ತಿಗೂ ಅನುಮತಿ ಕೇಳಬೇಕೇ, ಕೇಳುವುದಾದರೆ ಯಾರನ್ನು ಎಂದು ರೈತನಿಗೆ ಬಿಡಿಸಿ ಹೇಳುವವರು ಬೇಕು. ಹಾಗೆಯೇ ಊರಿನ ಕಷ್ಟವನ್ನು ಇಲಾಖೆಯ ಭಾಷೆಯಲ್ಲಿ ಬರೆದು ಮುಟ್ಟಿಸುವವರೂ ಬೇಕು. ಈ ಓದಿನ ಅತ್ಯಂತ ಉಪಯುಕ್ತ ಫಲ ಇಂತಹ ಮಧ್ಯಸ್ಥಿಕೆಯಾದೀತು. ಸಂರಕ್ಷಣೆಯೆಂದರೆ ಜನರನ್ನು ಹೊರಗಿಟ್ಟು ಬೀಗ ಹಾಕುವುದಲ್ಲ, ಬಳಕೆಯಲ್ಲಿಟ್ಟು ಬಾಳಿಸುವುದು.

ಕಾಡಿನ ಹೋರಾಟದ ಪತ್ರಿಕೆಗೆ ಮನೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮುಂಡಿಗೆಯ ಬುಡ ಒಂದು ಮೊಳ ಲಡ್ಡಾದರೆ ಅಷ್ಟನ್ನೇ ಕೊಯ್ದು ಹೊಸ ಮರ ಬೆಸೆಯುವುದು ಬಲ್ಲ ಬಡಗಿಯ ವಿದ್ಯೆ. ಆ ವಿದ್ಯೆ ಹೋದರೆ ಇಡೀ ಕಂಬವೇ ಬದಲಾಗುತ್ತದೆ, ಕಾಡಿನಲ್ಲೊಂದು ಮರ ಉರುಳುತ್ತದೆ. ಸಿಮೆಂಟ್ ಕುಲುಮೆಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸುಣ್ಣದ ಗೂಡಿಗೆ ಸುಮಾರು 900 ಸಾಕು. ಸುಟ್ಟಾಗ ಸುಣ್ಣ ಹೊರಬಿಟ್ಟ ಇಂಗಾಲದ ಡೈ ಆಕ್ಸೈಡಿನ ಹೆಚ್ಚಿನ ಪಾಲನ್ನು ಗಾರೆಯಾಗಿ ಗಟ್ಟಿಯಾಗುವಾಗ ನಿಧಾನವಾಗಿ ಮರಳಿ ಹೀರಿಕೊಳ್ಳುತ್ತದೆ. ಹಳೆಯ ಮನೆಯೊಂದು ಉಳಿದರೆ ಅಷ್ಟು ಮರಳು, ಅಷ್ಟು ಕಬ್ಬಿಣ, ಅಷ್ಟು ಕಲ್ಲುಕ್ವಾರಿಯ ಅಗತ್ಯ ತಪ್ಪಿತು.

ಆದ್ದರಿಂದ ಈ ಪದವಿಯನ್ನು ಆರಿಸುವ ವಿದ್ಯಾರ್ಥಿಗಳಿಗೆ ಕೆಲವು ಸಲಹೆಗಳು. ಪ್ರಬಂಧವನ್ನೂ ಕ್ಷೇತ್ರಕಾರ್ಯವನ್ನೂ ನಿಮ್ಮ ಊರಿನ ಕಟ್ಟಡದ ಮೇಲೆ ಮಾಡಲು ಒಪ್ಪುವ ಸಂಸ್ಥೆಯನ್ನು ಮಾತ್ರ ಆರಿಸಿ. ಹಣ ಕಟ್ಟುವ ಮುನ್ನ ಉಚಿತ ಕೈಪಿಡಿಗಳನ್ನು ಒಂದು ಮಳೆಗಾಲವಿಡೀ ಓದಿ, ಆಸಕ್ತಿ ಉಳಿದರೆ ಮುಂದುವರಿಯಿರಿ. ಪ್ರತಿ ಪಾಠಾವಧಿಯಲ್ಲಿ ಕೆಲವು ವಾರ ಊರಿನ ಗಾರೆಯವರ, ಬಡಗಿಗಳ ಕೈಕೆಳಗೆ ಕೂಲಿಯಾಳಿನಂತೆ ದುಡಿಯಿರಿ. ಅವರ ಹೊತ್ತಿಗೆ ಸಂಭಾವನೆ ಕೊಡುವುದನ್ನು ಮರೆಯದಿರಿ. ಮುಂಡಿಗೆ, ತೊಲೆ, ಜಂತಿ, ಪಕಾಸು, ರೀಪು ಮೊದಲಾದ ಮಾತುಗಳನ್ನು ಚಿತ್ರಸಹಿತ ಬರೆದಿಡಿ. ಇಂಗ್ಲಿಷಿನಲ್ಲಿ ಓದುವವನ ಮೊದಲ ಋಣ ಈ ಕನ್ನಡ ಪದಕೋಶ.

ನಮ್ಮ ಸಂಸ್ಥೆಗಳ ಹೊಣೆಯೂ ಇದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೈಜೋಡಿಸಿದರೆ ಕನ್ನಡದಲ್ಲಿಯೇ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸನ್ನು ರೂಪಿಸಬಹುದು. ಓದು ಮನೆಯಲ್ಲಿ, ಅಭ್ಯಾಸ ಊರಿನ ಕಟ್ಟಡದಲ್ಲಿ, ಪರೀಕ್ಷಕರ ಸಾಲಿನಲ್ಲಿ ಒಬ್ಬ ಗಾರೆಯವರು, ಒಬ್ಬ ಬಡಗಿ. ಹತ್ತನೆಯ ತರಗತಿ ಮುಗಿಸಿದ ಕುಶಲಕರ್ಮಿಯ ಮಗನಿಗೂ ಮಗಳಿಗೂ ಅದು ತೆರೆದಿರಬೇಕು. ಡಾಲರು ಕೊಡಬಲ್ಲ ನಾಲ್ಕು ಮಂದಿಗಷ್ಟೇ ಈ ವಿದ್ಯೆ ಸೀಮಿತವಾದರೆ ನಾಲ್ಕು ಪ್ರಬಂಧಗಳು ಉಳಿದಾವು, ಮನೆಗಳು ಉಳಿಯಲಾರವು.

ನಮ್ಮ ಸಂಘಟನೆ ಬರುವ ಬೇಸಿಗೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಂದೊಂದು ಹಳೆಯ ಮನೆಯ ಅಳತೆ ನಕ್ಷೆ ಮಾಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಈ ಮೂಲಕ ಒತ್ತಾಯಿಸುತ್ತೇನೆ. ಅದಕ್ಕೆ ಯಾವ ಪದವಿಯೂ ಬೇಡ. ಒಂದು ಟೇಪು, ಒಂದು ಹಾಳೆ, ಮನೆಯ ಹಿರಿಯರ ಒಪ್ಪಿಗೆ ಇದ್ದರೆ ಸಾಕು. ಅದರಲ್ಲಿ ಮನಸ್ಸು ನೆಟ್ಟವರು ಮುಂದೆ ಯಾವ ಪದವಿ ಓದಿದರೂ ಅದು ಊರಿಗೆ ದಕ್ಕೀತು.