ರೈಲು ಮೂರು ಗಂಟೆ ಲೇಟು. ದುಡ್ಡು ವಾಪಸು ಕೇಳೋದು ಹೇಗೆ?

ಬಸ್ಸಾದರೆ ಕಂಡಕ್ಟರನ್ನೇ ಕೇಳಬಹುದು. ಮೊಬೈಲಿನಲ್ಲಿ ರೈಲು ಟಿಕೆಟ್ ತೆಗೆದವರು ಕೇಳಬೇಕಾದದ್ದು ಐಆರ್‌ಸಿಟಿಸಿಯ ‘ಆಸ್ಕ್ ದಿಶಾ’ ಚಾಟನ್ನು. 2018ರಲ್ಲಿ ಇಂಗ್ಲಿಷಿನಲ್ಲಿ ಬಂದ ದಿಶಾ 2020ರಲ್ಲಿ ಹಿಂದಿ ಕಲಿತಳು. ಅಜ್ಜಂಪುರದ ಈರುಳ್ಳಿ ವ್ಯಾಪಾರಿಗೆ ಅದರಿಂದ ಬಂದ ಭಾಗ್ಯವೇನು?

ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ ಪ್ರಯಾಣ ಕೈಬಿಟ್ಟರೆ ಪೂರ್ತಿ ಹಣ ವಾಪಸು ಸಿಗುತ್ತದೆ. ಆದರೆ ಹತ್ತಬೇಕಾದ ನಿಲ್ದಾಣದಿಂದ ರೈಲು ಹೊರಡುವ ಮೊದಲೇ ಟಿಡಿಆರ್ ಸಲ್ಲಿಸಬೇಕು. ಟಿಡಿಆರ್ ಅಂದರೇನು ಅಂತ ಹುಡುಕುವಷ್ಟರಲ್ಲಿ ರೈಲು ಬೀರೂರು ದಾಟಿರುತ್ತದೆ, ದುಡ್ಡೂ ಹೋಗಿರುತ್ತದೆ!

ದಿಶಾಳ ಬಾಯಲ್ಲಿ ಕನ್ನಡ ಯಾವಾಗಲೋ ಬರಲಿ. ಮೊದಲು ವೆಬ್‌ಸೈಟಿನ ಸಹಾಯ ಪುಟದಲ್ಲಿ ಎಲ್ಲಿ ಒತ್ತಬೇಕು, ಎಷ್ಟು ಹೊತ್ತಿನೊಳಗೆ ಒತ್ತಬೇಕು ಅನ್ನೋದನ್ನು ಚಿತ್ರ ಸಮೇತ ತಿಳಿಗನ್ನಡದಲ್ಲಿ ಹಾಕಲಿ. ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕಡೂರು, ತರೀಕೆರೆ, ಅಜ್ಜಂಪುರದ ಟಿಕೆಟ್ ಕಿಟಕಿಗಳ ಪಕ್ಕ ಅಂಟಿಸಲು ಮೈಸೂರು ವಿಭಾಗಕ್ಕೆ ಖರ್ಚೆಷ್ಟು ಬಂದೀತು?